ಮಾನಪತ್ರಕ್ಕಾಗಿ ಮಂಗಳೂರಿಗೆ

ನಮ್ಮ ವೃತ್ತಿಯು ಪರರ ತಪ್ಪುಗಳನ್ನು ಹುಡುಕಿ ಹೊಟ್ಟೆ ಹೊರೆಯುವುದು. ಹೀಗೆಂದೊಡನೆ ವಾಚಕ ಮಹಾಶಯರು ನಮ್ಮನ್ನು ವಕೀಲರೆಂದಾಗಲಿ, ಲೆಕ್ಕ ತನಿಖೆಯವರೆಂದಾಗಲಿ, ಹೊಸ ಸೊಸೆ ಬಂದ ಮನೆಯ ಅತ್ತೆಯವರೆಂದಾಗಲಿ ಭಾವಿಸಬಾರದು. ನಾವು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಲೇಖಕರು ಬರೆದುದನ್ನು ಅಚ್ಚಿನವರು ಜೋಡಿಸುತ್ತಾರೆ; ಜೋಡಿಸಿದುದರ ಮೊದಲನೆಯ ಪ್ರತಿ, ಅಂದರೆ ಕರಡು, ನಮ್ಮ ಕೈಗೆ ಬರುತ್ತದೆ. ಬಿಟ್ಟುಹೋದ ಒತ್ತು, ಹೆಚ್ಚಾಗಿ ಬಿದ್ದ ಸೊನ್ನೆ, ಸ್ಥಾನಪಲ್ಲಟವಾದ ಅಕ್ಷರ ಇವುಗಳನ್ನು ಗುರುತಿಸಿ, ಅಂಚಿನಲ್ಲಿ ತಿದ್ದಿ, ಸಹಿ ಹಾಕಿ ಹಿಂದಿರುಗಿಸುವುದೇ ನಮ್ಮ ಕಾಯಕ. ಈ ಕೆಲಸದಲ್ಲಿ ಒಂದು ಸ್ವಾರಸ್ಯವುಂಟು. ಚೆನ್ನಾಗಿ ಮಾಡಿದರೆ ನಾವು ಇದ್ದೇವೆಂಬುದೇ ಯಾರಿಗೂ ತಿಳಿಯದು, ಕೆಟ್ಟಾಗ ಮಾತ್ರ, "ಇದನ್ನು ನೋಡಿದವನು ಯಾವನು?" ಎಂದು ಊರೆಲ್ಲ ವಿಚಾರಿಸುತ್ತದೆ. ನಲವತ್ತು ವರ್ಷಗಳ ಸೇವೆಯಲ್ಲಿ ನಮ್ಮನ್ನು ಹೀಗೆ ವಿಚಾರಿಸಿದವರು ಅನೇಕರು. ವಂದಿಸಿದವರ ನೆನಪಾಗುವುದಿಲ್ಲ.

ಆದುದರಿಂದ ಕಳೆದ ಕಾರ್ತಿಕ ಮಾಸಕ್ಕೆ ಮುನ್ನ ಮಂಗಳೂರಿನ ಮುದ್ರಕರ ಸಂಘವೊಂದರಿಂದ ನಮಗೆ ಓಲೆಯೊಂದು ಬಂದಾಗ, ಅದು ನಮ್ಮನ್ನು ಸನ್ಮಾನಿಸುವುದಕ್ಕಾಗಿ ಬಂದುದೆಂದು ನಮಗೆ ಹೊಳೆಯಲೇ ಇಲ್ಲ. ಅಭ್ಯಾಸಬಲದಿಂದ ಸೀಸದ ಕಡ್ಡಿಯನ್ನು ಕೈಗೆ ತೆಗೆದುಕೊಂಡು ಓದತೊಡಗಿದೆವು. ಮೊದಲ ಸಾಲಿನಲ್ಲಿ 'ಹಾರ್ಧಿಕ' ಎಂದಿದ್ದುದನ್ನು 'ಹಾರ್ದಿಕ' ಮಾಡಿದೆವು. ಮೂರನೆಯ ಸಾಲಿನ 'ವಿಷೇಶ'ವನ್ನು 'ವಿಶೇಷ'ವಾಗಿಸಿದೆವು. ಕೊನೆಯವರೆಗೆ ತಿದ್ದಿ, "ಸರಿಪಡಿಸಿ ಅಚ್ಚು ಹಾಕಬಹುದು" ಎಂದು ಬರೆದು ಸಹಿ ಹಾಕುವಷ್ಟರಲ್ಲಿ, ನಮ್ಮ ಮನೆಯವರು ಹಿಂದಿನಿಂದ ಇಣಿಕಿ ನೋಡಿ, "ಇದೇನು, ಇದರಲ್ಲಿ ನಿಮ್ಮ ಹೆಸರಿದೆಯಲ್ಲ!" ಎಂದರು.

ಮತ್ತೊಮ್ಮೆ ಓದಿದೆವು. ಹೌದು, ನಮ್ಮ ಹೆಸರೇ. ಅದೊಂದರಲ್ಲಿ ಮಾತ್ರ ತಪ್ಪಿರಲಿಲ್ಲ. ಅಚ್ಚಿನ ಶುದ್ಧಿಗಾಗಿ ಜೀವಮಾನವನ್ನು ಸವೆಸಿದವರೊಬ್ಬರಿಗೆ ವರ್ಷಕ್ಕೊಮ್ಮೆ ಮಾನಪತ್ರ, ಶಾಲು, ಕಿಂಚಿತ್ ದ್ರವ್ಯ ಇವುಗಳನ್ನು ಕೊಡುವ ಪದ್ಧತಿಯುಂಟೆಂದೂ, ಈ ಸಲ ನಮ್ಮನ್ನು ಆರಿಸಲಾಗಿದೆಯೆಂದೂ, ಕುಟುಂಬಸಮೇತರಾಗಿ ದಯಮಾಡಿಸಬೇಕೆಂದೂ ಅದರ ಸಾರಾಂಶ. "ನಾವು ಇದಕ್ಕೆ ಯೋಗ್ಯರಲ್ಲ," ಎಂದೆವು. ಇಂತಹ ಸಂದರ್ಭದಲ್ಲಿ ಹೀಗೆ ಹೇಳುವುದು ವಾಡಿಕೆಯಷ್ಟೆ. ಎದುರಿಗಿದ್ದವರು "ಛೆ, ಛೆ, ಹಾಗೆಲ್ಲ ಅನ್ನಬಾರದು" ಎನ್ನುವುದೂ ವಾಡಿಕೆ. ನಮ್ಮ ಮನೆಯವರು ಆ ವಾಡಿಕೆಯನ್ನು ಪಾಲಿಸದೆ, "ಅದು ಗೊತ್ತಿರುವ ವಿಷಯ. ಆದರೂ ಹೋಗಿ ಬರೋಣ. ಕಡಲನ್ನು ನೋಡಿ ಬಹಳ ದಿನವಾಯಿತು," ಎಂದು ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದರು.

ಒಂದು ವಾರದಲ್ಲಿ ಮಾನಪತ್ರದ ಕರಡು ಬಂದಿತು. ನೋಡಿ ಒಪ್ಪಿಗೆ ತಿಳಿಸಬೇಕೆಂದು ಸಂಘದವರ ಕೋರಿಕೆ. ಅದರ ತುಂಬ ನಮ್ಮ ಗುಣಗಾನ. ಒಂದು ವಾಕ್ಯವನ್ನು ಓದುವಷ್ಟರಲ್ಲಿ ಮುಖ ಬಿಸಿಯಾಯಿತು. ಎರಡನೆಯದರಲ್ಲಿ ಕನ್ನಡಕ ಮಂಜಾಯಿತು. "ನಾನೊಮ್ಮೆ ನೋಡಲೇ?" ಎಂದು ನಮ್ಮ ಮನೆಯವರು ಕೇಳಿದರೆ, ಆತ್ಮಪ್ರಶಂಸೆಯನ್ನು ಹೆಂಡತಿಯ ಕೈಗೆ ಕೊಡುವುದು ನಾಚಿಕೆಗೇಡೆಂದು ಬಗೆದು ಕಾಗದವನ್ನು ಮಡಿಸಿಬಿಟ್ಟೆವು. ಓರೆಗಣ್ಣಿನಿಂದ ಉಳಿದುದರ ಮೇಲೆ ಕಣ್ಣಾಡಿಸಿ, ಕೆಳಗೆ "ಸರಿಯಿದೆ" ಎಂದು ಬರೆದು ಸಹಿ ಹಾಕಿ ಅಂಚೆಗೆ ಹಾಕಿದೆವು. ಈ "ಸರಿಯಿದೆ" ಎಂಬುದನ್ನು ವಾಚಕರು ನೆನಪಿಟ್ಟುಕೊಳ್ಳಬೇಕಾಗಿ ಬಿನ್ನಹ.

ನಾವು ಹೊರಡಲು ಒಪ್ಪಿದುದಕ್ಕೆ ಮಾನಪತ್ರವೂ ಕಡಲೂ ಅಲ್ಲದೆ ಮತ್ತೊಂದು ಕಾರಣವಿತ್ತು. ಅದನ್ನು ಮನೆಯಲ್ಲಿಯೂ ಅದುವರೆಗೆ ಹೇಳಿರಲಿಲ್ಲ. ೧೯೮೪ರಲ್ಲಿ ನಾವು ಬೆಂಗಳೂರಿನ ಒಂದು ಸಣ್ಣ ಅಚ್ಚುಕೂಟದಲ್ಲಿದ್ದೆವು. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸುತ್ತಿದ್ದ ಕಾಲವದು. ಅಲ್ಲಿ ಮೊಳೆ ಜೋಡಿಸುತ್ತಿದ್ದವರಲ್ಲಿ ನೇತ್ರಾವತಿಯ ಕಡೆಯವರೊಬ್ಬರಿದ್ದರು; ನಮಗಿಂತ ಹತ್ತು ವರ್ಷ ದೊಡ್ಡವರು; ನಾವು ಅವರನ್ನು ಅಣ್ಣನೆಂದೇ ಕರೆಯುತ್ತಿದ್ದೆವು. ಒಂದು ದಿನ ಐನೂರು ಲಗ್ನಪತ್ರಿಕೆಗಳ ಕೆಲಸ ಬಂದಿತು. ಅಣ್ಣನವರು ಜೋಡಿಸಿದರು, ನಾವು ಕರಡು ನೋಡಿ ಸಹಿ ಹಾಕಿದೆವು, ಪತ್ರಿಕೆಗಳು ಅಚ್ಚಾಗಿ ಹೋದವು. ಮೂರನೆಯ ದಿನ ಕನ್ಯಾಪಿತೃಗಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. "ವಿವಾಹ ಮಹೋತ್ಸವ" ಎಂದಿರಬೇಕಾದಲ್ಲಿ "ವಿವಾದ ಮಹೋತ್ಸವ" ಎಂದು ಬಿದ್ದಿತ್ತು. ಅನುಭವಸ್ಥರಾದ ಗೃಹಸ್ಥರು ಇದರಲ್ಲಿ ತಪ್ಪೇನಿದೆಯೆಂದು ಕೇಳಬಹುದು. ಆದರೆ ಬೀಗರಿಗೆ ಅದನ್ನು ಮೊದಲೇ ತಿಳಿಸುವುದು ಉಚಿತವಲ್ಲವಷ್ಟೆ.

ಐನೂರು ಪತ್ರಿಕೆಗಳನ್ನೂ ಮತ್ತೆ ಅಚ್ಚು ಹಾಕಬೇಕಾಯಿತು. ಅಚ್ಚುಕೂಟದ ಧಣಿಗಳು ಮೊಳೆ ಜೋಡಿಸಿದವರು ಯಾರೆಂದು ಕೇಳಿದರು. ಕರಡು ನೋಡಿದವರು ಯಾರೆಂದು ಕೇಳಲಿಲ್ಲ. ಕಾಗದದ ವೆಚ್ಚಕ್ಕೆಂದು ಅಣ್ಣನವರ ಅರ್ಧ ತಿಂಗಳ ಸಂಬಳ, ೨೧೦ ರೂಪಾಯಿ, ಮುರಿದುಕೊಂಡರು. ನಾವು ನಾಲ್ಕು ಮಾರು ದೂರದ ಮೇಜಿನಲ್ಲಿ ತಲೆ ಬಗ್ಗಿಸಿಕೊಂಡು ಯಾವುದೋ ಪಂಚಾಂಗದ ಕರಡನ್ನು ಅತ್ಯಂತ ಶ್ರದ್ಧೆಯಿಂದ ನೋಡುತ್ತಿದ್ದೆವು. ಆ ಹೊತ್ತು ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ಊರಿಗೆ ಹಿಂದಿರುಗಿದರು. ವರ್ಷಕ್ಕೊಂದು ಕಾಗದ ಬರೆಯುತ್ತಿದ್ದರು. ನಾವೂ ಉತ್ತರ ಬರೆಯುತ್ತಿದ್ದೆವು. ಮಳೆಯ ವಿಚಾರ, ಮಕ್ಕಳ ವಿಚಾರ ಎಲ್ಲವನ್ನೂ ಬರೆದೆವು, ಅದೊಂದನ್ನು ಬಿಟ್ಟು. ಅಚ್ಚಿನ ಶುದ್ಧಿಗಾಗಿ ಸನ್ಮಾನವೆಂದು ಓಲೆಯಲ್ಲಿ ಓದಿದಾಗ ಮೊದಲು ಕಣ್ಣ ಮುಂದೆ ಬಂದುದು ಆ ೨೧೦ ರೂಪಾಯಿ.

ಬೆಂಗಳೂರಿನಿಂದ ಹಗಲು ಗಾಡಿಯಲ್ಲಿ ಹೊರಟೆವು. ಹಾಸನ ದಾಟುವವರೆಗೆ ಬಯಲುಸೀಮೆಯ ತೋಟಗದ್ದೆಗಳು ಸಾಧುವಾಗಿ ಹಿಂದೆ ಸರಿಯುತ್ತವೆ. ಸಕಲೇಶಪುರದಿಂದ ಮುಂದಕ್ಕೆ ಮಾತ್ರ ನೆಲದ ಸ್ವಭಾವವೇ ಬೇರೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು ೫೫ ಕಿಲೋಮೀಟರುಗಳ ದೂರ ಗಾಡಿಯು ಘಟ್ಟವನ್ನು ಇಳಿಯುತ್ತದೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಜಾರು. ೧೯೭೯ರಲ್ಲಿ ಕಿರಿಯ ಅಳತೆಯ ಹಳಿಯೊಡನೆ ತೆರೆದ ಈ ಮಾರ್ಗವು ಅಗಲ ಹಳಿಯಾಗಿ ಮಾರ್ಪಟ್ಟು, ೨೦೦೭ರ ಡಿಸೆಂಬರಿನಲ್ಲಿ ಮರಳಿ ಪ್ರಯಾಣಿಕರ ಉಪಯೋಗಕ್ಕೆ ದೊರೆಯಿತು. ಒಂದು ಕಡೆ ಕಡಿದ ಬಂಡೆಯ ಗೋಡೆ, ಅದರ ಮೈಮೇಲೆಲ್ಲ ಒಸರುವ ನೀರು. ಇನ್ನೊಂದು ಕಡೆ ಕಣ್ಣು ಇಳಿಯದಷ್ಟು ಆಳದ ಕಾಡು. ಯಡಕುಮರಿಯೆಂಬ ನಿಲ್ದಾಣವಿದೆ. ಅಲ್ಲಿ ಸುತ್ತಲೂ ಕಾಡನ್ನು ಬಿಟ್ಟರೆ ಊರೆಂಬುದು ಕಣ್ಣಿಗೆ ಬೀಳಲಿಲ್ಲ.

ಈ ದಾರಿಯಲ್ಲಿ ೫೭ ಸುರಂಗಗಳಿವೆ. ಕತ್ತಲೆಯಾದಾಗಲೆಲ್ಲ ಬಂಡಿಯ ಹುಡುಗರು ಕೂಗಿಕೊಳ್ಳುತ್ತಾರೆ. ಬೆಳಕಾದಾಗ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ನಾವಿಬ್ಬರೂ ಬೇರೆಬೇರೆಯಾಗಿ ಎಣಿಸುವುದೆಂದು ಪಂಥ ಹಾಕಿದೆವು. ಕೊನೆಗೆ ನಮ್ಮ ಮನೆಯವರ ಲೆಕ್ಕಕ್ಕೆ ಐವತ್ತೇಳು ಬಂದವು, ನಮ್ಮದಕ್ಕೆ ಐವತ್ತೈದು. ಅಷ್ಟು ದೊಡ್ಡ ಸುರಂಗಗಳಲ್ಲಿ ಎರಡು ನಮ್ಮ ಕಣ್ಣು ತಪ್ಪಿಸಿಕೊಂಡು ಹೋದವೆಂದರೆ, ಸಣ್ಣ ಒತ್ತಕ್ಷರಗಳ ಗತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. "ಪ್ರಶಸ್ತಿ ಕೊಡುವವರಿಗೆ ಇದನ್ನು ಹೇಳಬೇಡಿ," ಎಂದು ಅವರು ಬುದ್ಧಿ ಹೇಳಿದರು. ಹತ್ತುವ ಗಾಡಿಗಳಿಗೆ ಈ ಘಟ್ಟದಲ್ಲಿ ಹಿಂದಿನಿಂದಲೂ ಎಂಜಿನು ಸೇರಿಸಿ ತಳ್ಳಿಸುತ್ತಾರೆಂದು ಎದುರಿಗೆ ಕುಳಿತಿದ್ದ ರೈಲ್ವೆಯವರೊಬ್ಬರು ಹೇಳಿದರು. ಮುಂದಿನ ಎಂಜಿನನ್ನು ನೋಡಲು ಜನ ಸೇರುತ್ತಾರೆ. ಹಿಂದಿನದು ಮೇಲೆ ತಲಪಿದೊಡನೆ ಕಳಚಿಕೊಂಡು ತನ್ನ ಪಾಡಿಗೆ ನಿಲ್ಲುತ್ತದೆಯಂತೆ. ಅದನ್ನು ಕೇಳಿ ನಮಗೆ ಅಣ್ಣನವರ ನೆನಪಾಯಿತು. ಒಂದು ಸುರಂಗ ಮುಗಿದು ಮತ್ತೊಂದು ಬರುವ ಮಧ್ಯೆ ಲಗ್ನಪತ್ರಿಕೆಯ ಕಥೆಯನ್ನು ನಮ್ಮ ಮನೆಯವರಿಗೆ ಹೇಳಿಬಿಟ್ಟೆವು. ಅವರು ಬಹಳ ಹೊತ್ತು ಹೊರಗೆ ನೋಡುತ್ತಿದ್ದು, "ಸನ್ಮಾನ ಮುಗಿದ ಮಾರನೆಯ ದಿನ ಅಲ್ಲಿಗೆ ಹೋಗೋಣ," ಎಂದಷ್ಟೇ ಅಂದರು. ನಾವು ಕೇಳದಿದ್ದುದನ್ನು ಅವರೇ ತಿದ್ದಿದಂತಾಯಿತು.

ಮಂಗಳೂರು ದಿಬ್ಬಗಳ ಮೇಲೂ ಇಳಿಜಾರುಗಳ ಮೇಲೂ ಹರಡಿಕೊಂಡಿರುವ ಪಟ್ಟಣ. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ನದಿ; ಎರಡೂ ಸೇರಿ ಕಡಲನ್ನು ಹೊಗುವ ಅಳಿವೆ ಪಶ್ಚಿಮಕ್ಕೆ. ಮಣ್ಣು ಕೆಂಪು, ಕಲ್ಲು ಕೆಂಪು, ಹಳೆಯ ಮನೆಗಳ ಹೆಂಚೂ ಕೆಂಪು. ಕದ್ರಿಯ ದೇವಾಲಯದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವನ್ನು ದರ್ಶನ ಮಾಡಿದೆವು. ಅದರ ಪೀಠದ ಶಾಸನವು ಆಳುಪ ದೊರೆ ಕುಂದವರ್ಮನ ಕಾಲದ್ದು, ಕ್ರಿ. ಶ. ೯೬೮ರದು. ಲೋಹದಲ್ಲಿ ಕೊರೆದ ಅಕ್ಷರಕ್ಕೆ ಕರಡೆಲ್ಲಿಯದು! ಕೊರೆದವನ ಕೈ ತಪ್ಪಿದ್ದರೆ ಸಾವಿರ ವರ್ಷವೂ ಆ ತಪ್ಪು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ನಮ್ಮ ವೃತ್ತಿಯವರು ಅಲ್ಲಿ ಕೈಮುಗಿಯುವುದು ಸಹಜವೇ ಸರಿ.

ಅಲ್ಲಿಂದ ಬಲ್ಮಠದ ಗುಡ್ಡಕ್ಕೆ ಹೋದೆವು. ಕನ್ನಡದ ಅಚ್ಚಿನ ಕೆಲಸಕ್ಕೆ ಸಂಬಂಧಿಸಿದವರಿಗೆ ಅದೊಂದು ಕ್ಷೇತ್ರ. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಅಲ್ಲಿ ಕಲ್ಲಚ್ಚಿನ ಯಂತ್ರವನ್ನು ನಿಲ್ಲಿಸಿದರು. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗ್‌ರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಿತು. ಹದಿನೈದು ದಿನಕ್ಕೊಂದು ಸಂಚಿಕೆ. ಬೆಲೆ ಒಂದು ದುಡ್ಡು. ಜುಲೈ ೧ನ್ನು ನಾಡಿನಲ್ಲಿ ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಕಲ್ಲಚ್ಚಿನ ಕ್ರಮ ಈಗಿನವರಿಗೆ ತಿಳಿಯದೆ ಇರಬಹುದು. ಜಿಡ್ಡಿನ ಮಸಿಯಲ್ಲಿ ಬರೆದುದನ್ನು ನಯಮಾಡಿದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ತೋಯಿಸಿ, ಮೇಲೆ ಮಸಿ ಸವರುತ್ತಾರೆ. ಜಿಡ್ಡು ನೀರನ್ನು ಒಲ್ಲದು. ಆದುದರಿಂದ ಬರೆದ ಗೆರೆ ಮಾತ್ರ ಮಸಿಯನ್ನು ಹಿಡಿದು, ಉಳಿದ ಕಲ್ಲು ಬರಿದಾಗಿಯೇ ಇರುತ್ತದೆ. ಅದರ ಮೇಲೆ ಕಾಗದವನ್ನು ಒತ್ತಿ ತೆಗೆದರೆ ಪುಟ ಸಿದ್ಧ. ಮೊಳೆಯಾದರೆ ಒಂದನ್ನು ಕಿತ್ತು ಇನ್ನೊಂದನ್ನು ಇಡಬಹುದು. ಕಲ್ಲಿನ ಮೇಲಿನ ತಪ್ಪನ್ನು ಕೆರೆದು ತೆಗೆಯಬೇಕು.

ಅಲ್ಲಿಯ ದೇವವಿದ್ಯಾ ಕಾಲೇಜಿನಲ್ಲಿ ಹಳೆಯ ಗ್ರಂಥಗಳ ಭಂಡಾರವೊಂದುಂಟು. ಫರ್ಡಿನೆಂಡ್ ಕಿಟ್ಟೆಲ್‌ರ ಕನ್ನಡ-ಇಂಗ್ಲಿಷ್ ನಿಘಂಟಿನ ಹಳೆಯ ಪ್ರತಿಯನ್ನು ಅಲ್ಲಿ ಮುಟ್ಟಿ ನೋಡಿದೆವು. ೧೮೯೪ರಲ್ಲಿ ಮಂಗಳೂರಿನಿಂದ ಪ್ರಕಟವಾದ ಈ ಗ್ರಂಥದಲ್ಲಿ ೧೭೦೦ಕ್ಕೂ ಮಿಕ್ಕಿದ ಪುಟಗಳು, ಸುಮಾರು ೭೦,೦೦೦ ಶಬ್ದಗಳು. ಅದರ ಒಂದು ಪುಟದಲ್ಲಿ ಕನ್ನಡದ ಅಕ್ಷರ, ಇಂಗ್ಲಿಷಿನ ಅಕ್ಷರ, ಮೇಲೆ ಕೆಳಗೆ ಚುಕ್ಕೆಗೆರೆಗಳ ಅಕ್ಷರ ಎಲ್ಲವೂ ಒತ್ತೊತ್ತಾಗಿ ನಿಂತಿರುವುದನ್ನು ಕಂಡಾಗ ನಮಗೆ ಉಬ್ಬಸ ಬಂದಂತಾಯಿತು. ಇಂತಹ ಪುಟ ಒಂದಲ್ಲ, ಹತ್ತಲ್ಲ! ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಮೋಗ್ಲಿಂಗ್‌ರಿಗೆ ೧೮೫೮ರಲ್ಲಿಯೂ ಕಿಟ್ಟೆಲ್‌ರಿಗೆ ೧೮೯೬ರಲ್ಲಿಯೂ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಅವರು ಅದಕ್ಕೆ ಸರ್ವಥಾ ಯೋಗ್ಯರು. ಆದರೆ ನಿಘಂಟಿನ ಮುಂದೆ ನಿಂತ ನಮಗೆ, ಆ ಚುಕ್ಕೆಗಳನ್ನು ಒಂದೊಂದಾಗಿ ಹೆಕ್ಕಿ ಇಟ್ಟ ಬೆರಳುಗಳ ನೆನಪೂ, ದೀಪದ ಬೆಳಕಿನಲ್ಲಿ ಅವನ್ನು ಪರೀಕ್ಷಿಸಿದ ಕಣ್ಣುಗಳ ನೆನಪೂ ಬಾರದೆ ಹೋಗಲಿಲ್ಲ.

ಇದೇ ಸೀಮೆಯ ನಂದಳಿಕೆಯ ಲಕ್ಷ್ಮೀನಾರಣಪ್ಪನವರ ಮಾತೂ ಅಲ್ಲಿ ಬಂದಿತು. ಮುದ್ದಣನೆಂದರೆ ಎಲ್ಲರಿಗೂ ಗೊತ್ತು. ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದ ಅವರು, ತಾವು ಬರೆದ ಕೃತಿಗಳನ್ನು ತಮ್ಮವೆಂದು ಹೇಳಿಕೊಳ್ಳದೆ, ಹಳೆಯ ಗ್ರಂಥಗಳೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿಕೊಟ್ಟರು. ಕ್ಷಯರೋಗದಿಂದ ೧೯೦೧ರಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೊಂದು. 'ರಾಮಾಶ್ವಮೇಧ'ವನ್ನು ಬರೆದವರು ಹೆಸರು ಮರೆಸಿಕೊಂಡ ನೆಲಕ್ಕೆ, ಬೇರೆಯವರ ಬರಹದಲ್ಲಿ ಸೊನ್ನೆ ತಿದ್ದಿದ ನಾವು ಹೊಸ ಕೋಟು ಹೊಲಿಸಿಕೊಂಡು ಹೆಸರು ಕೂಗಿಸಿಕೊಳ್ಳಲು ಬಂದಿದ್ದೆವು. ಕೋಟು ಸ್ವಲ್ಪ ಬಿಗಿಯಾದಂತೆ ತೋರಿತು.

ಸಂಜೆ ಸಭೆ. ವೇದಿಕೆಯ ಮೇಲೆ ಕುಳ್ಳಿರಿಸಿ, ಹಾರ ಹಾಕಿ, ಶಾಲು ಹೊದಿಸಿ, ತಲೆಗೆ ಮೈಸೂರು ಪೇಟವನ್ನು ಇಟ್ಟರು. ನಮ್ಮ ತಲೆಯ ಗಾತ್ರವನ್ನು ಸಂಘದವರು ಸಾಧನೆಯ ಮೇಲಿಂದ ಅಂದಾಜು ಮಾಡಿದ್ದರೋ ಏನೋ, ಪೇಟವು ಹುಬ್ಬನ್ನು ದಾಟಿ ಕನ್ನಡಕದ ಮೇಲೆ ಬಂದು ಕುಳಿತಿತು. ಹೀಗೆ ನಮ್ಮ ಕಣ್ಣು ಮುಚ್ಚಿದ ಶುಭಮುಹೂರ್ತದಲ್ಲಿ ಕಾರ್ಯದರ್ಶಿಗಳು ಚೌಕಟ್ಟು ಹಾಕಿಸಿದ ಮಾನಪತ್ರವನ್ನು ಎತ್ತಿ ಹಿಡಿದು ಗಂಭೀರ ಧ್ವನಿಯಿಂದ ಓದತೊಡಗಿದರು. "ನಲವತ್ತು ವರ್ಷಗಳ ಕಾಲ ಹಗಲಿರುಳೆನ್ನದೆ, ಅವಿಶ್ರಾಂತವಾಗಿ, ಸಹಸ್ರಾರು ಕರಡಿಗಳನ್ನು ತಿದ್ದಿ..."

ಓದಿದವರಿಗೆ ಅದು ತಿಳಿಯಲಿಲ್ಲ. ಸಭೆಯೂ ಒಂದು ಕ್ಷಣ ಸುಮ್ಮನಿತ್ತು. ಮುಂದಿನ ಸಾಲಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕುಳಿತಿದ್ದ ಬಾಲಕನೊಬ್ಬನು, "ಅಜ್ಜೀ, ಇವರು ಸರ್ಕಸ್ಸಿನವರಾ?" ಎಂದು ಸ್ಪಷ್ಟವಾಗಿ ಕೇಳಿದನು. ಆಮೇಲೆ ನಡೆದುದನ್ನು ವರ್ಣಿಸಲು ನಮ್ಮಿಂದಾಗದು. ನಗೆಯು ಹಿಂದಿನ ಸಾಲಿನಿಂದ ಮುಂದಕ್ಕೆ ತೆರೆಯಂತೆ ಬಂದಿತು. ಪೇಟವನ್ನು ಮೇಲೆತ್ತಿ ನೋಡಿದೆವು. ಕಾರ್ಯದರ್ಶಿಗಳ ಮುಖ ಬಿಳಿಚಿತ್ತು. ವೇದಿಕೆಯ ಪಕ್ಕದಲ್ಲಿ ಇಪ್ಪತ್ತೆರಡು ವಯಸ್ಸಿನ ಹುಡುಗನೊಬ್ಬನು ಕಂಬಕ್ಕೆ ಒರಗಿಕೊಂಡು ನೆಲ ನೋಡುತ್ತಿದ್ದನು. ಕಂಪ್ಯೂಟರಿನಲ್ಲಿ ಆ ಮಾನಪತ್ರವನ್ನು ಜೋಡಿಸಿದವನು ಅವನೇ ಎಂದು ಕೇಳದೆಯೇ ತಿಳಿಯಿತು. ಪದಾಧಿಕಾರಿಗಳೊಬ್ಬರು ನಮ್ಮ ಕಿವಿಯ ಹತ್ತಿರ ಬಗ್ಗಿ, "ಕ್ಷಮಿಸಬೇಕು. ಅವನಿಗೆ ಇದರ ದುಡ್ಡು ಕೊಡುವುದಿಲ್ಲ. ಇನ್ನು ಮುಂದೆ ಕೆಲಸವೂ ಇಲ್ಲ," ಎಂದರು.

೧೯೮೪ರಿಂದ ಇಲ್ಲಿಯವರೆಗೆ ನಾವು ಕಾಯುತ್ತಿದ್ದುದು ಈ ಮಾತಿಗೇ ಇರಬೇಕು. ಉತ್ತರ ಭಾಷಣಕ್ಕೆಂದು ಬರೆದುಕೊಂಡು ಬಂದಿದ್ದ ನಾಲ್ಕು ಹಾಳೆಗಳನ್ನು ಜೇಬಿನಲ್ಲಿಯೇ ಬಿಟ್ಟು ಎದ್ದು ನಿಂತೆವು.

"ಮಹನೀಯರೇ, ಈ ಮಾನಪತ್ರದ ಕರಡು ಮೂರು ವಾರಗಳ ಹಿಂದೆ ನಮ್ಮ ಮನೆಗೆ ಬಂದಿತ್ತು. ಅದನ್ನು ನೋಡಿ, ಸರಿಯಿದೆಯೆಂದು ಬರೆದು ಸಹಿ ಹಾಕಿದವರು ನಾವೇ. ಜೋಡಿಸಿದವನ ಬೆರಳು ಒಂದು ಸಲ ತಪ್ಪಬಹುದು. ಅದಕ್ಕೆಂದೇ ನಮಗೆ ಸಂಬಳ ಕೊಡುತ್ತಾರೆ. ಪರರ ಬರಹದಲ್ಲಿ ಇರುವೆಯಷ್ಟು ತಪ್ಪನ್ನೂ ಕಂಡ ಕಣ್ಣಿಗೆ, ತನ್ನ ಹೊಗಳಿಕೆಯ ನಡುವೆ ನಿಂತ ಕರಡಿ ಕಾಣಲಿಲ್ಲ. ಇದು ಆ ಹುಡುಗನ ತಪ್ಪಲ್ಲ. ಅವನಿಗೆ ಸಲ್ಲಬೇಕಾದುದನ್ನು ದಯವಿಟ್ಟು ಈಗಲೇ ಕೊಡಿಸಬೇಕು. ಅಚ್ಚಿನ ಶುದ್ಧಿಯ ಪ್ರಶಸ್ತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಾದರೆ ನಮ್ಮ ಅಡ್ಡಿಯಿಲ್ಲ. ಶಾಲನ್ನು ಮಾತ್ರ ಬಿಡಿ. ರಾತ್ರಿಯ ಗಾಡಿಯಲ್ಲಿ ಚಳಿ."

ಸಭೆ ನಕ್ಕಿತು. ಈ ಸಲದ ನಗೆ ನಮ್ಮನ್ನು ಅಷ್ಟಾಗಿ ನೋಯಿಸಲಿಲ್ಲ. ಹುಡುಗನು ಕಂಬವನ್ನು ಬಿಟ್ಟು ನೆಟ್ಟಗೆ ನಿಂತಿದ್ದನು. ಸಭೆ ಮುಗಿದ ಮೇಲೆ ಸಂಘದವರು, ಮಾನಪತ್ರವನ್ನು ಬೇರೆ ಮಾಡಿಸಿ ಕಳುಹಿಸುತ್ತೇವೆ, ಇದನ್ನು ಬಿಟ್ಟುಹೋಗಿ ಎಂದು ಎಷ್ಟೋ ಹೇಳಿದರು. ನಾವು ಒಪ್ಪಲಿಲ್ಲ. ನಲವತ್ತು ವರ್ಷದ ಸಂಪಾದನೆ ಅದು. ಕರಡಿಯ ಸಮೇತವಾಗಿಯೇ ಒಯ್ಯುವುದು ನ್ಯಾಯವೆನಿಸಿತು.

ಮಾರನೆಯ ಬೆಳಿಗ್ಗೆ ನೇತ್ರಾವತಿಯ ಸೇತುವೆಯನ್ನು ದಾಟಿ ಉಳ್ಳಾಲದ ಕಡೆಗೆ ಹೋದೆವು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರದು. ಸೇತುವೆಯ ಮೇಲಿಂದ ನದಿ ಅಗಲವಾಗಿ, ಅವಸರವಿಲ್ಲದೆ ಕಡಲಿನ ಕಡೆಗೆ ಹೋಗುವುದು ಕಾಣುತ್ತಿತ್ತು. ನಮಗೆ ಮಾತ್ರ ಅಬ್ಬಕ್ಕನ ಧೈರ್ಯದಲ್ಲಿ ಗುಲಗಂಜಿಯಷ್ಟೂ ಇರಲಿಲ್ಲ. ತೆಂಗಿನ ತೋಟದ ನಡುವೆ ಹೆಂಚಿನ ಮನೆ. ಅಣ್ಣನವರು ಜಗಲಿಯಲ್ಲಿ ಕುಳಿತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೆರಳುಗಳು ಮಾತ್ರ ಅವೇ, ಉದ್ದನೆಯವು, ಸದಾ ಏನನ್ನೋ ಹೆಕ್ಕುತ್ತಿರುವಂಥವು. "ಬನ್ನಿ, ಬನ್ನಿ ಮಾರಾಯರೇ! ಒಂದು ಕಾಗದ ಹಾಕಬಾರದಿತ್ತಾ?" ಎಂದು ಎದ್ದು ಬಂದರು. ಸೊಸೆಯವರು ಬೆಲ್ಲ ನೀರು ತಂದಿಟ್ಟರು. ಹಿಂದೆಯೇ ನೀರುದೋಸೆ, ಕಾಯಿಬೆಲ್ಲ ಬಂದವು.

ಮಾನಪತ್ರವನ್ನು ನಾವು ತೊಡೆಯ ಮೇಲೆ ನಮ್ಮ ಕಡೆಗೆ ಮುಖ ಮಾಡಿ ಇಟ್ಟುಕೊಂಡಿದ್ದೆವು. ಅಣ್ಣನವರು ಎದುರಿಗಿದ್ದರು. ಮೊಳೆ ಜೋಡಿಸಿದವರಿಗೆ ಅಕ್ಷರಗಳನ್ನು ತಲೆಕೆಳಗಾಗಿ ಓದುವುದೇ ಸಲೀಸು. ಅವರು ಕುಳಿತಲ್ಲಿಂದಲೇ ಒಂದು ಸಲ ಕಣ್ಣು ಹಾಯಿಸಿ, "ಎಂತದು, ಕರಡಿಯಾ?" ಎಂದರು. ನಮ್ಮ ಮನೆಯವರು ನೀರುದೋಸೆಯ ತಟ್ಟೆಯನ್ನು ಕೆಳಗಿಟ್ಟು ಮನಸಾರೆ ನಕ್ಕರು. ನಾವು ಹಿಂದಿನ ದಿನದ ಕಥೆಯನ್ನು ಹೇಳಿದೆವು. ಹೇಳಿ ಮುಗಿದ ಮೇಲೆ ಲಗ್ನಪತ್ರಿಕೆಯ ಮಾತನ್ನು ತೆಗೆದೆವು. "ಅಣ್ಣಾ, ಆ ಕರಡು ನೋಡಿದವರು ನಾವು. ಸಹಿ ನಮ್ಮದು. ಆ ದಿನ ಹೇಳಬೇಕಾಗಿತ್ತು," ಎಂದೆವು. ಮಾತು ಇಷ್ಟೇ ಬಂದಿತು.

ಅಣ್ಣನವರು ಆಶ್ಚರ್ಯಪಡಲಿಲ್ಲ. "ಗೊತ್ತುಂಟಲ್ಲ. ನೀವು ಸಹಿ ಹಾಕಿದ ಕಾಗದ ನನ್ನ ಕೇಸಿನ ಮೇಲೆಯೇ ಇತ್ತು," ಎಂದರು.

"ಹಾಗಾದರೆ ಧಣಿಗಳಿಗೆ ಏಕೆ ತೋರಿಸಲಿಲ್ಲ?"

"ತೋರಿಸಿದ್ದರೆ ನಿಮ್ಮ ಕೆಲಸ ಹೋಗುತ್ತಿತ್ತು. ನಿಮಗೆ ಮದುವೆಯಾಗಿ ಎರಡು ತಿಂಗಳು ಆಗಿರಲಿಲ್ಲ. ನನ್ನದಾದರೆ ಹದಿನೈದು ದಿನದ ಸಂಬಳ ಅಷ್ಟೆ. ಮತ್ತೆ, 'ಹ'ದ ಜಾಗದಲ್ಲಿ 'ದ' ಇಟ್ಟದ್ದು ನನ್ನ ಕೈಯೇ ತಾನೆ?" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹೇಳುತ್ತೀರಿ ಅಂತ ಸಂಜೆಯವರೆಗೆ ಕಾದೆ. ಅದು ಹೌದು," ಎಂದರು.

ಈ ಕೊನೆಯ ಮಾತಿಗೆ ಉತ್ತರವಿರಲಿಲ್ಲ. ಪ್ರಶಸ್ತಿಯ ಹಣದ ಲಕೋಟೆಯನ್ನು ಅವರ ಮುಂದೆ ಇಟ್ಟೆವು. ಅವರು ಅದನ್ನು ತೆರೆದು, ಎರಡು ನೂರು ರೂಪಾಯಿಗಳನ್ನು ಎಣಿಸಿ ತೆಗೆದರು. ಹತ್ತರ ನೋಟು ಇರಲಿಲ್ಲ. ನಮ್ಮ ಮನೆಯವರು ತಮ್ಮ ಕೈಚೀಲದಿಂದ ಹ‌ತ್ತು ರೂಪಾಯಿ ಕೊಟ್ಟರು. ಅದನ್ನೂ ಸೇರಿಸಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಲಕೋಟೆಯನ್ನು ಹಿಂದಕ್ಕೆ ತಳ್ಳಿ, "ಇಷ್ಟು ನನ್ನದು. ಬಡ್ಡಿ ಬೇಡ. ದೋಸೆ ಆರುತ್ತದೆ, ತಿನ್ನಿ," ಎಂದರು. ತಿಂದೆವು. ಅಷ್ಟು ರುಚಿಯಾದ ದೋಸೆಯನ್ನು ಅಷ್ಟು ಕಷ್ಟದಿಂದ ನುಂಗಿದುದು ನಮ್ಮ ಆಯುಷ್ಯದಲ್ಲಿ ಅದೇ ಮೊದಲು.

ಹೊರಡುವಾಗ ಅವರು ಮೊಮ್ಮಗಳಿಂದ ಸೀಸದ ಕಡ್ಡಿಯನ್ನು ತರಿಸಿಕೊಂಡು, ಮಾನಪತ್ರದ ಚೌಕಟ್ಟನ್ನು ಹಿಂದುಮುಂದಾಗಿ ತಿರುಗಿಸಿದರು. ಹಿಂದಿನ ರಟ್ಟಿನ ಮೇಲೆ 'ಕರಡಿ' ಎಂದು ಬರೆದು, ಅದರ ಕೊನೆಯ ಅಕ್ಷರಕ್ಕೆ ಗೆರೆ ಎಳೆದು, ಪಕ್ಕದಲ್ಲಿ 'ಡು' ಎಂದು ತಿದ್ದಿ, ಕೆಳಗೆ "ಎರಡನೆಯ ಸಲ ನೋಡಿದೆ" ಎಂದು ಬರೆದು ಸಹಿ ಹಾಕಿದರು. ಈಗ ಅದು ನಮ್ಮ ನಡುಮನೆಯ ಗೋಡೆಯ ಮೇಲಿದೆ. ಬಂದವರು ಮುಂಭಾಗವನ್ನು ಓದಿ ನಗುತ್ತಾರೆ. ತೀರ ಬೇಕಾದವರಾದರೆ ನಮ್ಮ ಮನೆಯವರು ಅದನ್ನು ಮೊಳೆಯಿಂದ ಕೆಳಗಿಳಿಸಿ ಹಿಂಭಾಗವನ್ನೂ ತೋರಿಸುತ್ತಾರೆ.

ಕೊನೆಯದಾಗಿ ವಾಚಕರಲ್ಲಿ ಒಂದು ಅರಿಕೆ. ಈ ಪ್ರವಾಸ ಕಥನದಲ್ಲಿ ಎಲ್ಲಿಯಾದರೂ ಅಚ್ಚಿನ ತಪ್ಪು ಕಂಡುಬಂದರೆ ಸಂಪಾದಕರಿಗಾಗಲಿ ಅಚ್ಚುಕೂಟದವರಿಗಾಗಲಿ ಕಾಗದ ಬರೆದು ತೊಂದರೆ ಕೊಡಬಾರದು. ಇದರ ಕರಡನ್ನು ನೋಡಿ ಸಹಿ ಹಾಕಿದವರು ನಾವೇ.